ಚೌಕ, ಚಚ್ಚೌಕ, ಆಯತ: ಯಾವ ಆಕಾರಕ್ಕೆ ಯಾವ ಹೆಸರು, ಯಾವ ಕೆಲಸಕ್ಕೆ ಯಾವ ಅನುಪಾತ

ಬಡಗಿಯ ಬಳಿ ಹೋಗಿ ಚೌಕದ ಮೇಜು ಬೇಕೆಂದರೆ ಅವರು ಮೊದಲು ಕೇಳುವುದು ಉದ್ದ ಎಷ್ಟು, ಅಗಲ ಎಷ್ಟು ಎಂದು. ಶಾಲೆಯ ರೇಖಾಗಣಿತ ನೆನಪಿರುವವರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ಚೌಕವೆಂದ ಮೇಲೆ ಒಂದೇ ಅಳತೆ ಸಾಕಲ್ಲವೇ? ಆದರೆ ಬಡಗಿಯ ಮಾತಿನಲ್ಲಿ ತಪ್ಪಿಲ್ಲ. ಆಡುಗನ್ನಡದಲ್ಲಿ ಚೌಕವೆಂದರೆ ನಾಲ್ಕು ನೇರವಾದ ಮೂಲೆಗಳಿರುವ ಆಕಾರ, ಅಷ್ಟೇ. ಅದು ನೀಳವಾಗಿದ್ದರೆ ಉದ್ದಚೌಕ. ನಾಲ್ಕೂ ಬದಿ ಸಮವಾಗಿದ್ದರೆ ಚಚ್ಚೌಕ. ಮೊದಲಿನದಕ್ಕೂ ಮೊದಲಿನದನ್ನು ಮೊತ್ತಮೊದಲು ಎಂದು, ತುದಿಗೂ ತುದಿಯನ್ನು ತುತ್ತತುದಿ ಎಂದು ಕರೆಯುವ ರೀತಿಯಲ್ಲೇ ಚೌಕಗಳಲ್ಲಿ ಅಪ್ಪಟವಾದದ್ದನ್ನು ಕನ್ನಡ ಚಚ್ಚೌಕ ಎಂದು ಕರೆದಿದೆ. ಬಾಗಿಲ ಚೌಕಟ್ಟು ಎಂದೂ ಚಚ್ಚೌಕವಾಗಿರುವುದಿಲ್ಲ, ಆದರೂ ಅದು ಚೌಕಟ್ಟೇ.

ಪಠ್ಯಪುಸ್ತಕದಲ್ಲಿ ಈ ಕ್ರಮ ಬದಲಾಗುತ್ತದೆ. ಅಲ್ಲಿ ಇಡೀ ಕುಲದ ಹೆಸರು ಆಯತ. ವರ್ಗ ಅಥವಾ ಚೌಕವೆಂಬುದು ಆ ಕುಲದ ಒಂದು ವಿಶೇಷ ಬಗೆ. ನಾಲ್ಕು ಕೋನಗಳೂ 90 ಡಿಗ್ರಿ ಇದ್ದರೆ ಆಯತ, ಜೊತೆಗೆ ಬಾಹುಗಳೂ ಸಮವಾದರೆ ವರ್ಗ. ಹಾಗಾಗಿ ಪ್ರತಿಯೊಂದು ವರ್ಗವೂ ಆಯತವೇ. ಇದನ್ನು ಮಕ್ಕಳು ಸುಲಭವಾಗಿ ಒಪ್ಪುವುದಿಲ್ಲ, ಮತ್ತು ಅವರ ಅನುಮಾನಕ್ಕೆ ಆ ಪದವೇ ಕಾರಣ. ಸಂಸ್ಕೃತದ ‘ಆಯತ’ಕ್ಕೆ ನೀಳವಾದದ್ದು, ಚಾಚಿಕೊಂಡದ್ದು ಎಂಬ ಅರ್ಥವಿದೆ, ನೀಳಗಣ್ಣಿನವಳನ್ನು ಆಯತಾಕ್ಷಿ ಎನ್ನುವಾಗ ಇರುವುದು ಇದೇ ಆಯತ. ನೀಳವೆಂಬ ಅರ್ಥವನ್ನು ಹೊತ್ತ ಪದದೊಳಗೆ ನೀಳವಲ್ಲದ ವರ್ಗವನ್ನು ಸೇರಿಸಲು ಮನಸ್ಸು ಹಿಂಜರಿಯುವುದು ಸಹಜ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಸುಮಾರು ಕ್ರಿ.ಪೂ. 300ರಲ್ಲಿ ಇವೆರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದ: ಅವನ ವ್ಯಾಖ್ಯೆಯಲ್ಲಿ ನೀಳಚೌಕವೆಂದರೆ ಕೋನಗಳು ಲಂಬವಾಗಿದ್ದು ಬಾಹುಗಳು ಸಮವಾಗಿಲ್ಲದ ಆಕೃತಿ. ಇಂದಿನ ಗಣಿತ ವರ್ಗವನ್ನು ಆಯತದೊಳಗೆ ಸೇರಿಸಿಕೊಂಡಿರುವುದಕ್ಕೆ ಕಾರಣ ಅನುಕೂಲ. ಆಯತದ ಕರ್ಣಗಳು ಸಮವೆಂದು ಒಮ್ಮೆ ಸಾಧಿಸಿದರೆ ಅದನ್ನು ವರ್ಗಕ್ಕಾಗಿ ಮತ್ತೆ ಸಾಧಿಸಬೇಕಾಗಿಲ್ಲ.

ನಮ್ಮ ನೆಲದಲ್ಲಿ ವಿಂಗಡಣೆಯ ಮತ್ತೊಂದು ದಾರಿಯೂ ಇತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯ ಚತುರ್ಭುಜಗಳನ್ನು ಬಾಹುಗಳ ಲೆಕ್ಕದಲ್ಲಿ ಐದು ಬಗೆಯಾಗಿ ವಿಂಗಡಿಸಿದ: ನಾಲ್ಕೂ ಸಮವಾದದ್ದು, ಎರಡೆರಡು ಸಮವಾದ ದ್ವಿದ್ವಿಸಮ, ಎರಡು ಮಾತ್ರ ಸಮವಾದ ದ್ವಿಸಮ, ಮೂರು ಸಮವಾದ ತ್ರಿಸಮ, ಯಾವುದೂ ಸಮವಲ್ಲದ ವಿಷಮ. ಇದರಲ್ಲಿ ದ್ವಿದ್ವಿಸಮವೇ ನಮ್ಮ ಆಯತದ ಸ್ಥಾನದಲ್ಲಿರುವುದು. ಹೆಸರು ಬಾಹುಗಳನ್ನಷ್ಟೇ ಹೇಳುತ್ತದೆ, ಕೋನವನ್ನು ಹೇಳುವುದಿಲ್ಲ. ನಿವೇಶನ ಕೊಳ್ಳುವವರನ್ನು ಇಂದಿಗೂ ಕಾಡುವ ತೊಡಕು ಇದೇ ಆದ್ದರಿಂದ ಅದರ ಮಾತು ಮುಂದೆ ಬರುತ್ತದೆ.

ಹಾಗಾದರೆ ಯಾವ ಪದವನ್ನು ಎಲ್ಲಿ ಬಳಸಬೇಕು? ಪರೀಕ್ಷೆ, ಪಾಠ, ನಕ್ಷೆಯ ಟಿಪ್ಪಣಿಗಳಲ್ಲಿ ಆಯತ ಮತ್ತು ವರ್ಗ ಇರಲಿ. ಬಡಗಿ, ಮೇಸ್ತ್ರಿ, ಮುದ್ರಕರೊಂದಿಗೆ ಮಾತನಾಡುವಾಗ ಬರಿಯ ಚೌಕವೆಂಬ ಪದವನ್ನು ನಂಬದಿರುವುದೇ ಒಳ್ಳೆಯದು. ಸಮ ಬದಿ ಬೇಕಿದ್ದರೆ ಚಚ್ಚೌಕವೆನ್ನಿ, ಇಲ್ಲದಿದ್ದರೆ ಎರಡೂ ಅಳತೆಗಳನ್ನು ಹೇಳಿಬಿಡಿ. ‘ನಾಲ್ಕಡಿ ಚೌಕ’ ಮತ್ತು ‘ನಾಲ್ಕು ಚದರಡಿ’ ಒಂದೇ ಅಲ್ಲವೆಂಬುದನ್ನೂ ನೆನಪಿಡಬೇಕು: ಮೊದಲಿನದು ಬದಿಯ ಅಳತೆ, ಅದರ ವಿಸ್ತೀರ್ಣ 16 ಚದರಡಿ, ಎರಡನೆಯದು ವಿಸ್ತೀರ್ಣವೇ. ಮನೆ ಕಟ್ಟುವವರು ‘ಹತ್ತು ಚದರದ ಮನೆ’ ಎನ್ನುವಾಗ 100 ಚದರಡಿಯನ್ನು ಒಂದು ಚದರವೆಂದು ಎಣಿಸುತ್ತಾರೆ, ಅಂದರೆ ಅದು 1000 ಚದರಡಿಯ ಮನೆ. ಗುಂಟೆಯ ಬೇರು ಕೂಡ ಒಂದು ಚಚ್ಚೌಕದಲ್ಲೇ ಇದೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ 1089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ.

ಆಯತವೇ, ಆಯತದಂತೆ ಕಾಣುವುದೇ?

ನಿವೇಶನದ ನಾಲ್ಕು ಬದಿಗಳನ್ನು ಟೇಪು ಹಿಡಿದು ಅಳೆದಾಗ 30, 40, 30, 40 ಅಡಿ ಬಂದರೆ ಹೆಚ್ಚಿನವರು ಅಲ್ಲಿಗೆ ಸಮಾಧಾನಗೊಳ್ಳುತ್ತಾರೆ. ಆದರೆ ಎದುರುಬದುರಿನ ಬದಿಗಳು ಸಮವಾಗಿರುವುದು ಆಯತದ ಲಕ್ಷಣ ಮಾತ್ರವಲ್ಲ, ಎಲ್ಲ ಸಮಾಂತರ ಚತುರ್ಭುಜಗಳ ಲಕ್ಷಣವೂ ಹೌದು. ಒಂದು ಮೂಲೆಯ ಕೋನ 90ರ ಬದಲು 80 ಡಿಗ್ರಿ ಇದೆಯೆಂದುಕೊಳ್ಳಿ. ಬದಿಗಳ ಅಳತೆಯಲ್ಲಿ ಏನೂ ಬದಲಾಗುವುದಿಲ್ಲ. ವಿಸ್ತೀರ್ಣ 1200ರಿಂದ ಸುಮಾರು 1182 ಚದರಡಿಗೆ ಇಳಿಯುತ್ತದೆ, ಅದೂ ಕಣ್ಣಿಗೆ ಬೀಳುವಷ್ಟಲ್ಲ. ಕರ್ಣಗಳು ಮಾತ್ರ ನಿಜ ಹೇಳುತ್ತವೆ: ಒಂದು 54 ಅಡಿ, ಮತ್ತೊಂದು 45.6 ಅಡಿ. ನಷ್ಟವೇನು, 18 ಚದರಡಿ ತಾನೇ ಎಂದು ಸುಮ್ಮನಾಗುವಂತೆಯೂ ಇಲ್ಲ. 40 ಅಡಿಯ ಬದಿಗೆ ನೇರವಾಗಿ ಆ ನೆಲದಲ್ಲಿ ಹಿಡಿಸುವ ಅತಿ ದೊಡ್ಡ ಆಯತ ಸುಮಾರು 34.8 ಅಡಿಗೆ 29.5 ಅಡಿ, ಅಂದರೆ 1030 ಚದರಡಿಯೂ ಇಲ್ಲ. ಕೋಣೆಗಳ ಮೂಲೆ ನೇರವಾಗಿರಬೇಕೆನ್ನುವವರಿಗೆ ಉಳಿದದ್ದೆಲ್ಲ ಎರಡು ಪಕ್ಕದ ಮುಕ್ಕೋನದ ಮೂಲೆಗಳಿಗೆ ಹೋಯಿತು.

ಕರ್ಣಗಳೆರಡೂ ಸಮವೆಂದು ಕಂಡ ಕೂಡಲೇ ಆಯತವೆಂದು ನಿಶ್ಚಯಿಸುವುದೂ ತಪ್ಪೇ. ಮುಂದೆ 28 ಅಡಿ, ಹಿಂದೆ 32 ಅಡಿ, ಆಳ 40 ಅಡಿ ಇದ್ದು ಎರಡೂ ಪಕ್ಕ ಒಂದೇ ಸಮನೆ ಅಗಲವಾಗುತ್ತ ಹೋಗುವ ನಿವೇಶನವನ್ನು ಗಮನಿಸಿ. ಮುಂಭಾಗ ಕಿರಿದಾಗಿ ಹಿಂಭಾಗ ಹಿರಿದಾದ ಇಂಥ ಜಾಗವನ್ನು ಗೋಮುಖವೆಂದೂ, ಅದಕ್ಕೆ ವಿರುದ್ಧವಾದದ್ದನ್ನು ಸಿಂಹಮುಖವೆಂದೂ ವಾಸ್ತು ನೋಡುವವರು ಕರೆಯುತ್ತಾರೆ, ಗಣಿತದಲ್ಲಿ ಇವೆರಡೂ ಒಂದು ಜೋಡಿ ಬದಿ ಮಾತ್ರ ಸಮಾಂತರವಾಗಿರುವ ತ್ರಾಪಿಜ್ಯಗಳೇ. ಈ ಜಾಗದ ವಿಸ್ತೀರ್ಣ ಸರಿಯಾಗಿ 1200 ಚದರಡಿ. ಕರ್ಣಗಳೂ ಸರಿಯಾಗಿ 50 ಅಡಿ. ಅಂದರೆ ಅಪ್ಪಟ 30×40 ನಿವೇಶನದ ವಿಸ್ತೀರ್ಣ ಮತ್ತು ಕರ್ಣ ಎರಡನ್ನೂ ಇದು ಹೊಂದಿದೆ, ಆದರೆ ಆಯತವಲ್ಲ. ಇದರೊಳಗೆ ಮುಂದಿನಿಂದ ಹಿಂದಿನವರೆಗೆ ನೇರವಾಗಿ ಕೂರುವ ಆಯತ 28×40, 1120 ಚದರಡಿ ಮಾತ್ರ. ಆದ್ದರಿಂದ ನನ್ನ ಸಲಹೆಯಲ್ಲಿ ಎರಡು ಅಳತೆಗಳು ಜೊತೆಯಾಗಿಯೇ ಇರಬೇಕು. ಮೊದಲು ಎದುರುಬದುರಿನ ಬದಿಗಳು ಎರಡು ಜೋಡಿಯಲ್ಲೂ ಸಮವೇ ಎಂದು ನೋಡಬೇಕು, ಬಳಿಕ ಕರ್ಣಗಳು ಸಮವೇ ಎಂದು ನೋಡಬೇಕು. ಎರಡೂ ಹೌದಾದರೆ ಮಾತ್ರ ಅದು ಆಯತ.

ಎದುರು ಬದಿಗಳ ಸರಾಸರಿಯನ್ನು ಪರಸ್ಪರ ಗುಣಿಸಿ ವಿಸ್ತೀರ್ಣ ಹೇಳುವ ಪದ್ಧತಿ ಬಹಳ ಹಳೆಯದು. ಮಹಾವೀರಾಚಾರ್ಯನೂ ಅದನ್ನು ಕೊಟ್ಟಿದ್ದಾನೆ, ಆದರೆ ವ್ಯಾವಹಾರಿಕ ಲೆಕ್ಕವೆಂಬ ವಿಭಾಗದಲ್ಲಿ. ನಿಖರವಾದ ಲೆಕ್ಕಕ್ಕೆ ಸೂಕ್ಷ್ಮವೆಂಬ ಬೇರೆಯ ವಿಭಾಗವನ್ನೇ ಇಟ್ಟಿದ್ದಾನೆ. ಈ ಸರಾಸರಿಯ ಲೆಕ್ಕ ಆಯತಕ್ಕೆ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಉಳಿದ ಎಲ್ಲ ಚತುರ್ಭುಜಗಳಲ್ಲೂ ಅದು ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ, ಎಂದೂ ಕಡಿಮೆಯನ್ನಲ್ಲ. ಓರೆಕೋರೆಯಾದ ಜಾಗವನ್ನು ಚದರಡಿಗಿಷ್ಟು ಎಂಬ ದರದಲ್ಲಿ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಜಾಗವನ್ನು ಒಂದು ಕರ್ಣದಿಂದ ಎರಡು ತ್ರಿಭುಜಗಳಾಗಿ ಒಡೆದು ಲೆಕ್ಕ ಹಾಕಿಸುವುದೇ ಸರಿಯಾದ ದಾರಿ.

ವಜ್ರಾಕೃತಿಯ ವಿಷಯ ಸ್ವಲ್ಪವೇ ಇದೆ. ನಾಲ್ಕು ಬಾಹುಗಳು ಸಮವಾಗಿದ್ದರೆ ವಜ್ರಾಕೃತಿ, ಅದರ ಕರ್ಣಗಳು ಒಂದನ್ನೊಂದು ಲಂಬವಾಗಿ ಕತ್ತರಿಸುತ್ತವೆ. ಕರ್ಣಗಳು ಸಮವೂ ಲಂಬವೂ ಆಗಿ ಪರಸ್ಪರ ಅರ್ಧಿಸಿದರೆ ಅದು ವರ್ಗ. ಮೂಲೆಯ ಮೇಲೆ ನಿಲ್ಲಿಸಿದ ವರ್ಗವನ್ನು ಬೇರೆ ಆಕಾರವೆಂದು ಭಾವಿಸುವವರಿದ್ದಾರೆ, ಆದರೆ ತಿರುಗಿಸಿದ ಮಾತ್ರಕ್ಕೆ ಆಕಾರ ಬದಲಾಗುವುದಿಲ್ಲ. ವಿಜಯಪುರದ ಗೋಲಗುಮ್ಮಟದ ಗುಮ್ಮಟವನ್ನು ಹೊತ್ತಿರುವ ಎಂಟು ಕಮಾನುಗಳ ವಿನ್ಯಾಸ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ವರ್ಗಗಳಿಂದಲೇ ಹುಟ್ಟಿದೆ. ಚೌಕದ ತಳದ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದಕ್ಕೆ ಅಲ್ಲಿನ ಕುಶಲಿಗಳು ಕಂಡುಕೊಂಡ ಉಪಾಯ ಅದು.

ನೆಲಕ್ಕೆ ಯಾವ ಅನುಪಾತ?

ಆಯತವೆಂಬ ಹೆಸರು ಕೋನವನ್ನು ಮಾತ್ರ ನಿಗದಿಗೊಳಿಸುತ್ತದೆ. ನಾವು ನಿಜವಾಗಿ ಆರಿಸಿಕೊಳ್ಳಬೇಕಾದದ್ದು ಉದ್ದ ಅಗಲಗಳ ಅನುಪಾತವನ್ನು.

ಒಂದೇ ಬೆಲೆಗೆ 1200 ಚದರಡಿಯ ಎರಡು ನಿವೇಶನಗಳಿವೆ, ಒಂದು 30×40, ಇನ್ನೊಂದು 20×60 ಎಂದಿಟ್ಟುಕೊಳ್ಳಿ. ಮೊದಲಿನದಕ್ಕೆ ಕಾಂಪೌಂಡು ಗೋಡೆ 140 ಅಡಿ, ಎರಡನೆಯದಕ್ಕೆ 160 ಅಡಿ. ನಾಲ್ಕೂ ಕಡೆ ತಲಾ 3 ಅಡಿ ಬಿಟ್ಟು ಕಟ್ಟಿದರೆ ಮೊದಲಿನದರಲ್ಲಿ 24×34, ಅಂದರೆ 816 ಚದರಡಿ ಸಿಗುತ್ತದೆ. ಎರಡನೆಯದರಲ್ಲಿ 14×54, ಅಂದರೆ 756 ಚದರಡಿ. 14 ಅಡಿ ಅಗಲದ ಮನೆಯಲ್ಲಿ ಓಡಾಡುವ ಹಾದಿಗೆ ಜಾಗ ಬಿಟ್ಟರೆ ಕೋಣೆಗಳು ಇಕ್ಕಟ್ಟಾಗುವುದು ಖಂಡಿತ. ಅಷ್ಟೇ ವಿಸ್ತೀರ್ಣದ ಅಪ್ಪಟ ವರ್ಗವಿದ್ದರೆ ಗೋಡೆ ಇನ್ನೂ ಕಡಿಮೆಯಾಗುತ್ತದೆಯೇ? ಆಗುತ್ತದೆ, ಆದರೆ ಸುಮಾರು ಒಂದೂವರೆ ಅಡಿ ಮಾತ್ರ. ಕೊಟ್ಟ ಸುತ್ತಳತೆಗೆ ಹೆಚ್ಚು ವಿಸ್ತೀರ್ಣ ಕೊಡುವುದು ವರ್ಗವೇ ಎಂಬ ನಿಯಮ ನಿಜವಾದರೂ ವರ್ಗದ ಆಸುಪಾಸಿನ ಆಯತಗಳು ಬಹಳ ಹಿಂದೆ ಬೀಳುವುದಿಲ್ಲ. ವರ್ಗದ ನಿವೇಶನಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ. ರಸ್ತೆಯ ಕಡೆ ಅಂಗಡಿ ಮಾಡಬೇಕೆನ್ನುವವರಿಗೆ ಮಾತ್ರ ಲೆಕ್ಕ ಬೇರೆ. 60 ಅಡಿಯ ಬದಿ ರಸ್ತೆಗೆ ತಾಗಿದ್ದರೆ 20×60 ಅವರಿಗೆ ಹೆಚ್ಚು ಉಪಯುಕ್ತ.

30×40ಕ್ಕೆ ಇನ್ನೊಂದು ಗುಣವಿದೆ, ಅದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅದರ ಕರ್ಣ 50 ಅಡಿ, ಚೂರೂ ಹೆಚ್ಚುಕಡಿಮೆ ಇಲ್ಲ. ಮೇಸ್ತ್ರಿಗಳು ಮೂಲೆಯಿಂದ ಒಂದು ದಾರದಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ ನಡುವಿನ ಅಂತರ 5 ಅಡಿ ಬರುವಂತೆ ದಾರ ಸರಿಪಡಿಸಿ ಮೂಲೆಮಟ್ಟ ನೋಡುತ್ತಾರಲ್ಲ, ಅದೇ ಲೆಕ್ಕದ ಹತ್ತುಪಟ್ಟು ಇದು. ಆಯತದ ಕರ್ಣದ ಮೇಲಿನ ವರ್ಗ ಎರಡು ಬದಿಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮವೆಂಬ ನಿಯಮವನ್ನು ಯಜ್ಞವೇದಿಗಳ ಅಳತೆಯ ಪ್ರಾಚೀನ ಗ್ರಂಥವಾದ ಬೌಧಾಯನ ಶುಲ್ಬಸೂತ್ರ ಹೇಳಿರುವುದು ತ್ರಿಭುಜದ ಹೆಸರಿನಲ್ಲಲ್ಲ, ‘ದೀರ್ಘಚತುರಶ್ರ’ದ ಹೆಸರಿನಲ್ಲಿ, ಅಂದರೆ ನಮ್ಮ ಉದ್ದಚೌಕದ ಹೆಸರಿನಲ್ಲೇ. ಯಜ್ಞವೇದಿಯನ್ನು ಹಗ್ಗದಿಂದ ಅಳೆದವರಿಗೂ ಇಂದು ಪಾಯಕ್ಕೆ ಗುರುತು ಹಾಕುವವರಿಗೂ ಕೆಲಸ ಒಂದೇ. 40×60 ನಿವೇಶನದ ಕರ್ಣ 72.11 ಅಡಿ, ಅಲ್ಲಿ ಇಂಥ ದುಂಡು ಸಂಖ್ಯೆ ಸಿಗುವುದಿಲ್ಲ, ಹಾಗಾಗಿ ಪ್ರತಿ ಮೂಲೆಯಲ್ಲೂ 3-4-5 ನೋಡಿಯೇ ಮುಂದುವರಿಯಬೇಕು.

ಇಟ್ಟಿಗೆ ಮತ್ತು ಟೈಲ್ಸುಗಳಲ್ಲಿ ನಿಲ್ಲುವುದು 1:2. ಎರಡನ್ನು ಪಕ್ಕಪಕ್ಕ ಇಟ್ಟರೆ ಒಂದರ ಉದ್ದ ಬರುವುದರಿಂದ ಅಡ್ಡವಾಗಿಯೂ ಉದ್ದವಾಗಿಯೂ ಜೋಡಿಸಬಹುದು. ಹರಪ್ಪದ ಇಟ್ಟಿಗೆಗಳ ದಪ್ಪ, ಅಗಲ, ಉದ್ದಗಳು 1:2:4ರಲ್ಲಿದ್ದವು. ಇಂದಿನ 19×9×9 ಸೆಂಟಿಮೀಟರಿನ ಇಟ್ಟಿಗೆ ಒಂದು ಸೆಂಟಿಮೀಟರ್ ಗಾರೆಯೊಂದಿಗೆ 20×10×10 ಆಗುತ್ತದೆ. ಹೆಸರಿನ ಮಟ್ಟಿಗೆ ಹೇಳುವುದಾದರೆ ಇಟ್ಟಿಗೆ ಆಯತವಲ್ಲ, ಆಯತಘನ. ಅದರ ಮುಖಗಳು ಆಯತಗಳು.

ಕಾಗದಕ್ಕೆ, ಪುಸ್ತಕಕ್ಕೆ

ಕಚೇರಿಯ ಎ4 ಹಾಳೆ 210×297 ಮಿಲಿಮೀಟರ್. ಈ ವಿಚಿತ್ರ ಸಂಖ್ಯೆಗಳ ಹಿಂದೆ 1:√2 ಎಂಬ ಅನುಪಾತವಿದೆ, ಸುಮಾರು 1:1.414. ಈ ಅನುಪಾತದ ಹಾಳೆಯನ್ನು ಉದ್ದದಲ್ಲಿ ಅರ್ಧಕ್ಕೆ ಮಡಿಸಿದರೆ ಅದೇ ಅನುಪಾತದ ಸಣ್ಣ ಹಾಳೆ ಸಿಗುತ್ತದೆ. ಬೇರೆ ಯಾವ ಆಯತಕ್ಕೂ ಈ ಗುಣವಿಲ್ಲ. ಜರ್ಮನಿಯ ಭೌತಶಾಸ್ತ್ರಜ್ಞ ಲಿಕ್ಟೆನ್‌ಬರ್ಗ್ 1786ರ ಪತ್ರವೊಂದರಲ್ಲಿ ಇದನ್ನು ಗುರುತಿಸಿದ್ದ. 1922ರಲ್ಲಿ ಅದು ಜರ್ಮನಿಯ ಮಾನಕವಾಯಿತು, 1975ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್, ಅದರಲ್ಲಿ 16 ಎ4 ಹಾಳೆಗಳು. ಹಾಗಾಗಿ ಚದರ ಮೀಟರಿಗೆ 80 ಗ್ರಾಂ ತೂಗುವ, ಅಂದರೆ 80 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ, ಅಂಚೆಯ ಲಕೋಟೆಯ ತೂಕವನ್ನು ಮನಸ್ಸಿನಲ್ಲೇ ಹೇಳಬಹುದು. ಎ3ಯನ್ನು ಎ4ಕ್ಕೆ ಇಳಿಸುವಾಗ ನಕಲು ಯಂತ್ರ 71 ಪ್ರತಿಶತ ಎಂದು ತೋರಿಸುವುದೂ ಈ √2 ಅನುಪಾತದಿಂದಲೇ. ನ್ಯಾಯಾಲಯದ ವ್ಯವಹಾರದಲ್ಲಿ ಬಹುಕಾಲ ನಡೆದುಬಂದ ಲೀಗಲ್ ಹಾಳೆ 8.5×14 ಅಂಗುಲ, ಅದನ್ನು ಎ4ಕ್ಕೆ ಇಳಿಸಿದರೆ ಪಕ್ಕದಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ. ಸುಪ್ರೀಂ ಕೋರ್ಟ್ 2020ರಲ್ಲಿ ಎ4 ಹಾಳೆಯ ಎರಡೂ ಬದಿ ಮುದ್ರಿಸುವ ಕ್ರಮಕ್ಕೆ ಬಂದದ್ದು ಕಾಗದ ಉಳಿಸುವ ದೃಷ್ಟಿಯಿಂದಲೂ ಒಳ್ಳೆಯ ಬದಲಾವಣೆ.

ಕನ್ನಡ ಪುಸ್ತಕಗಳ ಒಳಪುಟದಲ್ಲಿ ‘ಡೆಮಿ 1/8’ ಅಥವಾ ‘ಕ್ರೌನ್ 1/8’ ಎಂದು ಅಚ್ಚಾಗಿರುವುದನ್ನು ಓದುಗರು ಕಂಡಿರುತ್ತಾರೆ. ಅದು ಹಾಳೆಯನ್ನು ಮೂರು ಬಾರಿ ಮಡಿಸಿ ಎಂಟು ಎಲೆ ಮಾಡಿದ ಗುರುತು. 18×23 ಅಂಗುಲದ ಡೆಮಿ ಹಾಳೆ ಹೀಗೆ ಮಡಿಸಿದಾಗ 5.75×9 ಅಂಗುಲವಾಗಿ, ಅಂಚು ಕತ್ತರಿಸಿದ ಮೇಲೆ ಸುಮಾರು 5.5×8.5 ಉಳಿಯುತ್ತದೆ. ಇಲ್ಲಿ ಅನುಪಾತ ಪ್ರತಿ ಮಡಿಕೆಗೂ ಬದಲಾಗುತ್ತದೆ: 15×20ರ ಕ್ರೌನ್ ಹಾಳೆಯ ನಾಲ್ಕನೇ ಒಂದು 7.5×10, ಅದು 3:4. ಎಂಟನೇ ಒಂದು 5×7.5, ಅದು 2:3. ಹಾಗಾದರೆ ಪುಸ್ತಕ ತರುವವರು ಯಾವುದನ್ನು ಆರಿಸಬೇಕು? ಕಥೆ, ಕಾದಂಬರಿ, ವಿಮರ್ಶೆಗೆ ಡೆಮಿ 1/8ನ್ನೇ ನಾನು ಆರಿಸುತ್ತೇನೆ. ಎ5 ಪುಟ 148×210 ಮಿಲಿಮೀಟರ್, ಅಂದರೆ ಡೆಮಿಗಿಂತ ತುಸು ಅಗಲ, ತುಸು ಗಿಡ್ಡ. ಕನ್ನಡದ ಉದ್ದ ಪದಗಳು ಕಿರಿದಾದ ಸಾಲಿನಲ್ಲಿ ಒಡೆದುಹೋಗುತ್ತವೆ ಎಂಬ ಕಾರಣಕ್ಕೆ ಎ5 ಮೇಲೆಂದು ಕೆಲವರು ವಾದಿಸಬಹುದು, ಆದರೆ ಒತ್ತಕ್ಷರಗಳು ಕೆಳಗಿಳಿಯುವುದರಿಂದ ನಮ್ಮ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಹಾಗಾಗಿ ಪುಟದ ಎತ್ತರವೂ ಅಷ್ಟೇ ಮುಖ್ಯ. ಕವನ ಸಂಕಲನಕ್ಕೆ ಕ್ರೌನ್ 1/8 ಚೆನ್ನಾಗಿ ಒಪ್ಪುತ್ತದೆ. ಮಕ್ಕಳ ಚಿತ್ರಪುಸ್ತಕಕ್ಕೆ ಕ್ರೌನ್ 1/4.

ಸುವರ್ಣ ಅನುಪಾತ, ಅಂದರೆ 1:1.618, ಇಂಥ ಚರ್ಚೆಗಳಲ್ಲಿ ಯಾವಾಗಲೂ ಬರುತ್ತದೆ. ಅದರ ಗುಣ ನಿಜಕ್ಕೂ ಸುಂದರ: ಆ ಆಯತದಿಂದ ಒಂದು ವರ್ಗವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಅದೇ ಅನುಪಾತದ ಸಣ್ಣ ಆಯತ. ಆದರೆ ಎಟಿಎಂ ಕಾರ್ಡು ಈ ಅನುಪಾತದಲ್ಲಿದೆ ಎಂಬಂಥ ಮಾತುಗಳನ್ನು ಅಳೆದು ನೋಡದೆ ನಂಬಬಾರದು. ಕಾರ್ಡಿನ ಅಳತೆ 85.60×53.98 ಮಿಲಿಮೀಟರ್, ಅನುಪಾತ 1.586. ವಿನ್ಯಾಸದಲ್ಲಿ ವರ್ಗವನ್ನೂ ಉಳಿದ ಭಾಗವನ್ನೂ ಬೇರೆಬೇರೆಯಾಗಿ ತೋರಿಸುವ ಉದ್ದೇಶವಿದ್ದರೆ ಅದನ್ನು ಬಳಸಿ. ಚಂದಕ್ಕೆ ಅದೊಂದೇ ಮೂಲವೆಂಬ ನಂಬಿಕೆಯಿಂದ ಬಳಸಬೇಕಾಗಿಲ್ಲ.

ಚಿತ್ರ, ತೆರೆ, ಬಾವುಟ

ಮೊಬೈಲಿನಲ್ಲಿ ತೆಗೆದ ಚಿತ್ರ ಸಾಮಾನ್ಯವಾಗಿ 4:3, ಸ್ಟುಡಿಯೋದಲ್ಲಿ ತೊಳೆಸುವ 4×6 ಅಂಗುಲದ ಪ್ರತಿ 3:2. ಮೊದಲಿನದನ್ನು ಎರಡನೆಯದಕ್ಕೆ ಹೊಂದಿಸಿದರೆ ಎತ್ತರದಲ್ಲಿ ಒಂಬತ್ತನೇ ಒಂದು ಭಾಗ ಕತ್ತರಿಗೆ ಹೋಗುತ್ತದೆ. 3:2ರ ಚಿತ್ರವನ್ನು 8×10ಕ್ಕೆ ಹಾಕಿಸಿದರೆ ಉದ್ದದಲ್ಲಿ ಆರನೇ ಒಂದು ಭಾಗ ಇಲ್ಲವಾಗುತ್ತದೆ, ಮದುವೆಯ ಗುಂಪುಚಿತ್ರದಲ್ಲಿ ಎರಡೂ ಅಂಚಿನಲ್ಲಿ ನಿಂತವರು ಮಾಯವಾಗುವುದು ಹೀಗೆಯೇ. ಯಾವ ಅಳತೆಯಲ್ಲಿ ಚೌಕಟ್ಟು ಹಾಕಿಸುತ್ತೀರೆಂದು ಮೊದಲೇ ಗೊತ್ತಿದ್ದರೆ ತೆಗೆಯುವಾಗಲೇ ಸುತ್ತ ಜಾಗ ಬಿಡಿ.

ಟಿವಿಯನ್ನು ಅಂಗುಲದಲ್ಲಿ ಮಾರುವಾಗ ಹೇಳುವುದು ಕರ್ಣದ ಅಳತೆ. ಹಳೆಯ 4:3ರ 32 ಅಂಗುಲದ ತೆರೆಯಲ್ಲಿ ಸುಮಾರು 491 ಚದರಂಗುಲವಿದ್ದರೆ ಇಂದಿನ 16:9ರ 32 ಅಂಗುಲದಲ್ಲಿ ಇರುವುದು ಸುಮಾರು 438. ಕರ್ಣ ಒಂದೇ ಇದ್ದಾಗ ಆಯತ ನೀಳವಾದಷ್ಟೂ ವಿಸ್ತೀರ್ಣ ಕುಗ್ಗುತ್ತದೆ. ಹಾಗಾಗಿ ಎರಡು ತೆರೆಗಳನ್ನು ಹೋಲಿಸುವಾಗ ಅಂಗುಲದ ಜೊತೆಗೆ ಅನುಪಾತವನ್ನೂ ಕೇಳಬೇಕು.

ತೆರೆಯ ಮೇಲಿನ ವಿನ್ಯಾಸದಲ್ಲಿ ಈಗ ದುಂಡು ಮೂಲೆಯ ಆಯತಗಳೇ ಹೆಚ್ಚು. ಕೋನಗಳೇ ಇಲ್ಲದಿರುವುದರಿಂದ ಗಣಿತದ ಅರ್ಥದಲ್ಲಿ ಅವು ಆಯತಗಳಲ್ಲ. ಒಂದರೊಳಗೊಂದು ಇಡುವಾಗ ಎರಡಕ್ಕೂ ಒಂದೇ ದುಂಡು ಕೊಟ್ಟರೆ ಮೂಲೆಯ ಅಂತರ ಅಸಮವಾಗಿ ಕಾಣುತ್ತದೆ. ಹೊರಗಿನ ತ್ರಿಜ್ಯದಿಂದ ನಡುವಿನ ಅಂತರವನ್ನು ಕಳೆದು ಒಳಗಿನ ತ್ರಿಜ್ಯವನ್ನು ನಿಗದಿಪಡಿಸಿ, ಹೊರಗೆ 24, ಅಂತರ 8 ಆದರೆ ಒಳಗೆ 16.

ಬಾವುಟದಲ್ಲಿ ಅನುಪಾತ ನಮ್ಮ ಆಯ್ಕೆಗೆ ಬಿಟ್ಟದ್ದಲ್ಲ. ಸ್ವಿಟ್ಜರ್ಲೆಂಡಿನ ಬಾವುಟ ವರ್ಗ, ನೇಪಾಳದ್ದು ಚತುರ್ಭುಜವೇ ಅಲ್ಲ, ನಮ್ಮ ರಾಷ್ಟ್ರಧ್ವಜ ಆಯತ, ಉದ್ದಕ್ಕೂ ಎತ್ತರಕ್ಕೂ 3:2. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾಗುವ ಧ್ವಜಗಳೂ ಈ ಮಾನಕದವೇ. ಅದರಲ್ಲಿ ಒಂಬತ್ತು ಅಳತೆಗಳಿವೆ, ಅತಿ ದೊಡ್ಡದು 6300×4200 ಮಿಲಿಮೀಟರ್, ಅತಿ ಚಿಕ್ಕದು 150×100. ಶಾಲೆಗೆ ಧ್ವಜ ಕೊಳ್ಳುವಾಗ ಟೇಪು ಹಿಡಿದು ಉದ್ದದ ಎರಡು ಪಟ್ಟು ಎತ್ತರದ ಮೂರು ಪಟ್ಟಿಗೆ ಸಮವೇ ಎಂದು ನೋಡಿಕೊಳ್ಳುವುದು ಒಂದು ನಿಮಿಷದ ಕೆಲಸ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಎರಡು ಸಂಖ್ಯೆಗಳನ್ನು ಬರೆಯುವ ಕ್ರಮ. ಧ್ವಜಕ್ಕೆ ಉದ್ದ ಮೊದಲು, ಎ4 ಹಾಳೆಗೆ ಅಗಲ ಮೊದಲು, ತೆರೆಯ 1920×1080ರಲ್ಲಿ ಅಡ್ಡದ ಅಳತೆ ಮೊದಲು. ನಿವೇಶನದ 30×40ರಲ್ಲಿ ಯಾವುದು ರಸ್ತೆಯ ಕಡೆಯದೆಂದು ಬರಿಯ ಸಂಖ್ಯೆಯಿಂದ ತಿಳಿಯುವುದಿಲ್ಲ. ಕ್ರಯಪತ್ರದಲ್ಲಿ ಚೆಕ್ಕುಬಂದಿಯೊಂದಿಗೆ ಪೂರ್ವ-ಪಶ್ಚಿಮ ಇಷ್ಟಡಿ, ಉತ್ತರ-ದಕ್ಷಿಣ ಇಷ್ಟಡಿ ಎಂದು ಬರೆಯುವ ಪದ್ಧತಿ ಈ ಗೊಂದಲಕ್ಕೆ ಎಡೆ ಕೊಡುವುದಿಲ್ಲ. ಜಾಗ ಓರೆಯಾಗಿದ್ದರೆ ನಾಲ್ಕು ಬದಿಗಳ ಅಳತೆಯನ್ನೂ ಬೇರೆಬೇರೆಯಾಗಿ ಬರೆಸಿ, ಜೊತೆಗಿರುವ ನಕ್ಷೆಯಲ್ಲಿ ಒಂದು ಕರ್ಣದ ಅಳತೆಯನ್ನಾದರೂ ನಮೂದಿಸಿಕೊಳ್ಳಿ. ಆ ಒಂದು ಗೆರೆ ಇದ್ದರೆ ಮುಂದೆ ಕಲ್ಲು ಕಿತ್ತುಹೋದರೂ ಜಾಗದ ಆಕಾರವನ್ನು ನೆಲದ ಮೇಲೆ ಮತ್ತೆ ಗುರುತು ಹಾಕಬಹುದು, ನಾಲ್ಕು ಬದಿಗಳಿಂದ ಮಾತ್ರ ಅದು ಸಾಧ್ಯವಿಲ್ಲ.